ಗಂಟಲಲ್ಲಿ ಬೆಟ್ಟ

ಸುರಬಾಯಾದ ಮೂರನೇ ಹ್ಯಾಂಗರು. ರಾತ್ರಿ ಪಾಳಿ, ಎರಡು ಗಂಟೆ.
ಎಡ ಎಂಜಿನ್ನಿನ ಬಾಯೊಳಗೆ
ಕ್ಯಾಮೆರಾ ಕಣ್ಣಿನ ಕೇಬಲ್ಲು ಇಳಿಸುತ್ತಿದ್ದೇನೆ,
ಆ ಅನ್ನು ಕಂದಾ ಎಂದು
ಮಗುವಿನ ಗಂಟಲು ನೋಡುವ ನರ್ಸಿನ ಹಾಗೆ.

ಮೊದಲ ಸಾಲಿನ ಅಲಗುಗಳ ಅಂಚು ಸವೆದಿದೆ,
ಮರಳುಕಾಗದ ಉಜ್ಜಿದಂತೆ. ಇದು ನಿರೀಕ್ಷಿಸಿದ್ದೇ.
ಇನ್ನೂ ಒಳಗೆ, ಬೆಂಕಿಯ ಕೋಣೆ ದಾಟಿದ ಮೇಲೆ
ಅಗೋ, ಹಸಿರುಗಪ್ಪು ಹೊಳಪು,
ಕುಂಬಾರ ಮಡಕೆಗೆ ಮೆರುಗು ಕೊಟ್ಟ ಹಾಗೆ.
ಅಲಗಿಗೂ ಉಸಿರು ಬೇಕು, ಅದಕ್ಕೆ ಸೂಜಿಮೊನೆಯ ರಂಧ್ರಗಳಿವೆ.
ಎಣಿಸಿದೆ: ಹದಿನೇಳರಲ್ಲಿ ಆರು ಮುಚ್ಚಿವೆ.
ಬರೆದುಕೊಂಡೆ. ಮತ್ತೆ ಎಣಿಸಿದೆ.
ಏಳು.

ಇದಕ್ಕೆ ಬೂದಿ ಎಂದು ಹೆಸರಿಟ್ಟವರು ಯಾರೋ!
ಬೂದಿಯೆಂದರೆ ಉರಿದು ಮುಗಿದದ್ದು,
ಒಲೆಯ ಬದಿಗೆ ಗುಡಿಸಿಟ್ಟದ್ದು,
ಅಜ್ಜಿ ಬಾರೆಕ್ ಒಂದು ಹಿಡಿ ತೆಗೆದು
ಜೋಳ ಬೇಯಿಸಿದ ಪಾತ್ರೆಯ ತಳ ತಿಕ್ಕುತ್ತಿದ್ದದ್ದು.
ಇದು ಉರಿದದ್ದೇ ಅಲ್ಲ.
ಕಲ್ಲು ಕುದಿದು, ಗಾಜಾಗಿ, ಒಡೆದು, ಹಿಟ್ಟಾಗಿ
ಎಂಟು ಮೈಲಿ ಮೇಲೆ ಅಲೆಯುವಂಥದ್ದು.
ಕೆಂಡವನ್ನು ಬೂದಿ ಮುಚ್ಚುವುದು ಎಲ್ಲರೂ ಕಂಡದ್ದೇ.
ಈ ಬೂದಿಗೆ ಕೆಂಡವೂ ಬೇರೆಯವರದ್ದೇ ಬೇಕು;
ಹುಡುಕಿಕೊಂಡು ಎಂಜಿನ್ನಿನೊಳಗೆ ಬರುತ್ತದೆ,
ಕರಗಲು, ಅಂಟಲು,
ಮತ್ತೆ ಕಲ್ಲಾಗಲು.

ಅಣ್ಣ ಸಾಬೋನ್ ಫ್ಲೋರೆಸ್‌ನಲ್ಲಿ, ಬೆಟ್ಟದ ಕಾವಲುಕೋಣೆಯಲ್ಲಿದ್ದಾನೆ.
ಸೂಜಿ ಕಾಗದದ ಮೇಲೆ ಗೀಚುವುದನ್ನು ನೋಡುತ್ತ ಕೂರಲು ಅವನಿಗೆ ಸಂಬಳ.
ಮೊನ್ನೆ ಕತ್ತಲಾಗುತ್ತಲೇ ಸೂಜಿ ಕುಣಿಯಿತು. ಬೆಟ್ಟ ಮೋಡದೊಳಗಿತ್ತು.
ಹೊಗೆಯ ಎತ್ತರವೆಷ್ಟು, ಫಾರಂ ಕೇಳುತ್ತದೆ.
ಕಾಣಲಿಲ್ಲ, ಇವನು ಬರೆದ.
ತಗಡಿನ ಮೇಲೆ ಮೊದಲ ಹನಿಗಳಂಥ ಸದ್ದು.
ಕಿಟಕಿಯಿಂದ ಕೈ ಚಾಚಿದ:
ಅಂಗೈ ಒಣಗಿಯೇ ಇತ್ತು, ಬೆಳ್ಳಗಾಗಿತ್ತು.
ಕಿತ್ತಳೆ ಹೊಡೆದುಹಾಕಿ ಕೆಂಪು ಎಂದು ಬರೆದ.
ಆ ಒಂದು ಪದ ಕಚೇರಿ ದಾಟಿ, ಕಡಲು ದಾಟಿ
ಕಾಕ್‌ಪಿಟ್ಟಿನ ಕಿವಿಗೆ ಬೀಳಲು ಹನ್ನೊಂದು ನಿಮಿಷ.
ಒಂಬತ್ತನೆಯದರಲ್ಲೇ ವಿಮಾನ ಒಳಗಿತ್ತು.

ರೇಡಾರಿಗೆ ನೀರಿನ ಪರಿಚಯವಿದೆ, ಈ ಹಿಟ್ಟಿನ ಪರಿಚಯವಿಲ್ಲ.
ಮೊದಲು ಮುಂಗಾಜಿನ ಮೇಲೆ ನೀಲಿ ಕಿಡಿಗಳ ಹರಿದಾಟ.
ಆಮೇಲೆ ಬೆಂಕಿಕಡ್ಡಿ ಗೀರಿದ ವಾಸನೆ.
ಯಾರೋ ಸಿಗರೇಟು ಹಚ್ಚಿದ್ದಾರೆಂದು
ಹದಿನಾಲ್ಕನೇ ಸಾಲಿನ ಹೆಂಗಸು ಗುಂಡಿ ಒತ್ತಿ ದೂರಿದಳಂತೆ.
ಮುಂದಿನ ಗಾಜನ್ನು ಬೆಟ್ಟ ತಿಕ್ಕಿತು, ತಿಕ್ಕಿತು,
ಅಜ್ಜಿ ಪಾತ್ರೆ ತಿಕ್ಕಿದ ಹಾಗೆ, ಆಚೆಯೇನೂ ಕಾಣದಷ್ಟು.

ಹೆದರಿದ ಕೈ ಮೇಲೇರಬೇಕೆನ್ನುತ್ತದೆ,
ಇನ್ನಷ್ಟು ಬಲ ಕೊಡು ಎನ್ನುತ್ತದೆ.
ಬಲವೆಂದರೆ ಬೆಂಕಿ. ಬೆಂಕಿಯೆಂದರೆ ಗಾಜು.
ಕ್ಯಾಪ್ಟನ್ ಹುತಾಗಾಲುಂಗ್
ಲಿವರುಗಳನ್ನು ಹಿಂದಕ್ಕೆಳೆದ,
ಬಂದ ದಾರಿಗೇ ಮೂಗು ತಿರುಗಿಸಿದ.
ಇಷ್ಟೇ. ಪುಸ್ತಕದಲ್ಲಿ ಎರಡು ಸಾಲು.
ಬಲದ್ದು ತಡವರಿಸಿತು. ಎಡದ್ದು, ಇದೇ, ನಿಂತೇ ಹೋಯಿತು.
ನಾಲ್ಕು ನಿಮಿಷ ಅಲ್ಲಿ ಏನು ಸದ್ದಿತ್ತೋ
ನಾನು ಯಾರನ್ನೂ ಕೇಳಿಲ್ಲ.
ತಣ್ಣನೆಯ ಶುಭ್ರ ಗಾಳಿಗೆ ಗಾಜು ಬಿರಿದು, ಉದುರಿ,
ಮೂರನೇ ಯತ್ನಕ್ಕೆ ಕೆಮ್ಮಿ ಹೊತ್ತಿಕೊಂಡಿತು.
ನೂರಾ ಐವತ್ತೆರಡು ಜನ ಇಳಿದರು.
ಲಗೇಜು ತಡವಾಯಿತೆಂದು ಕೆಲವರು ಜಗಳವಾಡಿದರು.

ಇವತ್ತು ಟರ್ಮಿನಲ್ಲಿನ ನೆಲದ ತುಂಬ ಮಲಗಿದವರು.
ಆಕಾಶ ಇಷ್ಟು ತಿಳಿಯಾಗಿದೆ, ಹಾರಿಸಲು ನಿಮಗೇನು ರೋಗ,
ಎಂದು ಒಬ್ಬ ನನ್ನ ಸಮವಸ್ತ್ರ ನೋಡಿಯೇ ಕಿರುಚಿದ.
ಜೇಬಿನಲ್ಲಿ ಪ್ಲಾಸ್ಟಿಕ್ ಚೀಟಿ,
ಅದರೊಳಗೆ ಎಳ್ಳುಕಾಳಿನಷ್ಟು ಬೆಟ್ಟ. ತೋರಿಸಲಿಲ್ಲ.

ನಾಲ್ಕಕ್ಕೆ ಅಣ್ಣನ ಫೋನು.
ಕೆವಾ, ಹನ್ನೊಂದು ನಿಮಿಷ, ಅನ್ನುತ್ತಾನೆ,
ಮೂರು ಸಲ ಅದನ್ನೇ ಅನ್ನುತ್ತಾನೆ.
ಒಳಗೆ ಹೇಗಿದೆ? ಕೇಳುತ್ತಾನೆ ಕೊನೆಗೆ.
ಹೊಳೀತಾ ಇದೆ, ಅಂದೆ.
ಅವನು ಮಾತಾಡಲಿಲ್ಲ.
ಅವನ ಹಿಂದೆ, ತಗಡಿನ ಮೇಲೆ, ಟಪಟಪ.

ಮಳೆಯಾ?
ತಡಿ, ಅಂದ.
ಕುರ್ಚಿ ಸರಿದದ್ದು ಕೇಳಿಸಿತು. ಕಿಟಕಿಯ ಚಿಲಕ.
ಕಿವಿಗೆ ಫೋನು ಒತ್ತಿ ನಿಂತಿದ್ದೇನೆ;
ಅಲ್ಲೀಗ ಅವನ ಕೈ ಹೊರಗಿದೆ.